ಗವಾನನ ಮದರಸಾ ಮತ್ತು ‘ಹೊರಗಿನವ’ ಅನ್ನೋ ಮಾತು

ಬೀದರ್‌ನಲ್ಲಿ ಸಂಜೆ ಗೈಡ್ ಜೊತೆ ಊರು ಸುತ್ತೋಕೆ ಹೊರಡುವವರಿಗೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಮಹಮೂದ್ ಗವಾನ್ ಮದರಸಾದ ಫೋಟೋ ಸಂಜೆ ಚೆನ್ನಾಗಿ ಬರಲ್ಲ. ಕಟ್ಟಡದ ಮುಖ ಪೂರ್ವಕ್ಕಿದೆ. ಹೊತ್ತು ಇಳಿಯುವಾಗ ಸೂರ್ಯ ಅದರ ಬೆನ್ನ ಹಿಂದೆ ಇರ್ತಾನೆ, ಮುಂದಿನ ಬಣ್ಣದ ಟೈಲ್ಸ್ ಎಲ್ಲ ನೆರಳಲ್ಲಿ ಇರುತ್ತವೆ. ಇನ್‌ಸ್ಟಾಗ್ರಾಂಗೆ ಬೇಕಿದ್ದರೆ ಬೆಳಿಗ್ಗೆ ಏಳಕ್ಕೆ ಹೋಗಿ. ಕತೆ ಕೇಳೋದಕ್ಕಾದರೆ ಸಂಜೆಯೇ ವಾಸಿ. ಬಿಸಿಲಿನ ಕಾವು ಇಳಿದಿರುತ್ತೆ, ಅಂಗಳದ ಕಲ್ಲಿನ ಮೇಲೆ ಕೂರಬಹುದು. ಕತ್ತಲಾಗೋ ಮುಂಚೆ ಗೇಟು ಹಾಕ್ತಾರೆ ಅನ್ನೋದು ಮಾತ್ರ ನೆನಪಿರಲಿ.

ನಾವು ಒಂಬತ್ತು ಜನ ಇದ್ದೆವು. ಹೆಚ್ಚಿನವರು ಬೆಂಗಳೂರು, ಹೈದರಾಬಾದ್‌ಗಳಲ್ಲಿ ಕಂಪ್ಯೂಟರ್ ಮುಂದೆ ಕೂತು ದುಡಿಯೋರು, ವಾರಾಂತ್ಯಕ್ಕೆ ಬಂದವರು. ನನ್ನೂರು ಔರಾದ್, ಬೀದರ್‌ನಿಂದ ಸುಮಾರು 40 ಕಿಲೋಮೀಟರ್. ಈ ಕಟ್ಟಡದ ಮುಂದೆ ಚಿಕ್ಕಂದಿನಿಂದ ಎಷ್ಟು ಸಲ ಹಾದುಹೋಗಿದ್ದೀನೋ ಲೆಕ್ಕವಿಲ್ಲ. ಆದರೆ ಗೈಡ್ ಒಬ್ಬರ ಹಿಂದೆ ನಡೆದು ನೋಡಿದ್ದು ಅದೇ ಮೊದಲು.

ಶುರುವಾಗಿದ್ದು ಚೌಬಾರಾದಿಂದ. “ನೋಡ್ರಿ, ಇದು 71 ಫೂಟ್ ಎತ್ತರ ಅದ. ಮ್ಯಾಲೆ ನಿಂತ್ರ ನಾಕೂ ದಿಕ್ಕು ಕಾಣತದ, ಪಹರೆಕ ಕಟ್ಟ್ಯಾರ” ಅಂದರು ಗೈಡ್ ಕಾಕಾ. ಅಲ್ಲಿಂದ ಕೋಟೆ ಕಡೆ ಹೋಗೋ ರಸ್ತೆ ಹಿಡಿದೆವು. ದಾರಿಯುದ್ದಕ್ಕೂ ಬಿದ್ರಿ ಅಂಗಡಿಗಳು. ಸತುವು, ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಹಳೇ ಮಣ್ಣು ಬೆರೆಸಿದ ನೀರಲ್ಲಿ ಅದ್ದಿದಾಗ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯೋ ಕಸುಬು. ಅಲ್ಲಿಂದ ಸ್ವಲ್ಪ ನಡೆದರೆ ಮದರಸಾ.

ಮೊದಲು ಕಣ್ಣಿಗೆ ಬೀಳೋದು ಅದರ ಒಂಟಿ ಮಿನಾರು. ಮುಂಭಾಗದ ಎರಡು ತುದಿಗೆ ಎರಡು ಮಿನಾರುಗಳಿದ್ದವು. ಈಗ ಉಳಿದಿರೋದು ಉತ್ತರದ್ದು ಮಾತ್ರ. ಅದರ ಮೈಮೇಲೆ ಅಂಕುಡೊಂಕು ಪಟ್ಟೆಗಳಲ್ಲಿ ಕೂರಿಸಿದ ಟೈಲ್ಸ್‌ನ ನೀಲಿ ಬಣ್ಣ ಐದೂವರೆ ಶತಮಾನದ ಮಳೆ ಬಿಸಿಲು ತಿಂದೂ ಅಲ್ಲಲ್ಲಿ ಉಳಿದಿದೆ. 1472ರಲ್ಲಿ ಮುಗಿದ ಕಟ್ಟಡ ಇದು. ಮೂರು ಅಂತಸ್ತು, ಉದ್ದ 205 ಅಡಿ, ಅಗಲ 180 ಅಡಿ. ನಡುವೆ ದೊಡ್ಡ ಅಂಗಳ, ಸುತ್ತ ವಿದ್ಯಾರ್ಥಿಗಳಿಗೆ 36 ಕೋಣೆ, ಮೇಷ್ಟ್ರುಗಳ ವಾಸಕ್ಕೆ ಬೇರೆ 6 ಮನೆ. ಪಾಠದ ಹಾಲ್‌ಗಳು, ಒಂದು ಮಸೀದಿ, 3000 ಪುಸ್ತಕಗಳ ಗ್ರಂಥಾಲಯ. ಅಚ್ಚಿನ ಯಂತ್ರ ಈ ದೇಶಕ್ಕೆ ಇನ್ನೂ ಬಂದಿರದ ಕಾಲ. ಅಂದರೆ ಆ ಮೂರು ಸಾವಿರವೂ ಯಾರೋ ಕೂತು ಕೈಯಲ್ಲಿ ಬರೆದ ಪುಸ್ತಕಗಳು. ಸಮರ್‌ಕಂದ್, ಖೊರಾಸಾನ್ ಕಡೆಯ ಮದರಸಾಗಳ ಮಾದರಿಯನ್ನು ನಮ್ಮ ಕೆಂಪು ಮಣ್ಣಿನ ಮೇಲೆ ತಂದು ನಿಲ್ಲಿಸಿದ್ದಾರೆ.

ಕಾಕಾ ಇದನ್ನೆಲ್ಲ ಹೇಳ್ತಿದ್ದಾಗ ನಮ್ಮ ಗುಂಪಿನ ಹುಡುಗನೊಬ್ಬ ಕೇಳಿದ: “ಹಾಗಾದ್ರೆ ಈ ಗವಾನ್ ಇಲ್ಲಿಯವನಲ್ಲ ಅಲ್ವಾ? ಔಟ್‌ಸೈಡರ್ ತಾನೇ?”

ಕಾಕಾ ನಕ್ಕರು. “ಸಾಹೇಬ್ರ, ಆವಾಗೂ ಇದೇ ಜಗಳ ಇತ್ರಿ. ಈ ಜಗಳಕ್ಕೇ ಅವರ ತಲಿ ಹೋಯ್ತು.”

ಅವರು ಹೇಳಿದ್ದು ಅಕ್ಷರಶಃ ನಿಜ. ಬಹಮನಿಗಳ ಇತಿಹಾಸ ಅಂದರೆ ನಮಗೆ ಶಾಲೆಯಲ್ಲಿ ಕಲಿಸಿದ್ದು ವಿಜಯನಗರದ ಜೊತೆಗಿನ ಯುದ್ಧಗಳು, ರಾಯಚೂರು ದೋಆಬ್. ಆ ರಾಜ್ಯವನ್ನು ಒಳಗಿಂದ ತಿಂದ ಗೆದ್ದಲು ಬೇರೆಯೇ ಇತ್ತು.

ಆಸ್ಥಾನದಲ್ಲಿ ಎರಡು ಬಣ. ಒಂದು ದಖನಿಗಳದ್ದು, ಇನ್ನೊಂದು ಆಫಾಕಿಗಳದ್ದು. ಆಫಾಕಿ ಅಂದರೆ ಇರಾನ್, ತುರ್ಕಿಸ್ತಾನ, ಅರಬ್ ದೇಶಗಳಿಂದ ಸಮುದ್ರ ದಾಟಿ ಬಂದವರು. ‘ಗರೀಬ್’ ಅಂತಲೂ ಕರೀತಿದ್ದರು. ಆ ಮಾತಿಗೆ ಪರದೇಶಿ ಅನ್ನೋ ಅರ್ಥ. ಹಾಗಾದರೆ ದಖನಿಗಳು ಯಾರು? ಅವರಲ್ಲಿ ಇಲ್ಲೇ ಹುಟ್ಟಿ ಮತಾಂತರವಾದವರಿದ್ದರು. ಆದರೆ ದೊಡ್ಡ ಪಾಲು 1327ರ ಸುಮಾರಿಗೆ ಮಹಮದ್ ಬಿನ್ ತುಘಲಕ್ ದೌಲತಾಬಾದಿಗೆ ರಾಜಧಾನಿ ಎತ್ತಿದಾಗ ಮತ್ತು ಅದರ ಆಸುಪಾಸಿನಲ್ಲಿ ಉತ್ತರದಿಂದ ಬಂದವರ ಮಕ್ಕಳು, ಮೊಮ್ಮಕ್ಕಳು. ಅಂದರೆ ಮೊದಲ ಬಸ್ಸಿಗೆ ಬಂದವರು ಎರಡನೇ ಬಸ್ಸಿಗೆ ಬಂದವರನ್ನು ಹೊರಗಿನವರು ಅಂತಿದ್ದರು. ಆಫ್ರಿಕಾದಿಂದ ಬಂದ ಹಬಶಿಗಳು ಕೂಡ ದಖನಿ ಬಣದಲ್ಲೇ ಇದ್ದರು.

ದಖನಿಗಳ ಸಿಟ್ಟಿಗೆ ಕಾರಣ ಇರಲಿಲ್ಲ ಅಂತಲ್ಲ. ಸುಲ್ತಾನರಿಗೆ ಪರ್ಷಿಯನ್ ಮಾತಾಡೋರ ಮೇಲೆ ಮೋಹ. ದೊಡ್ಡ ಹುದ್ದೆ, ದರ್ಬಾರಿನಲ್ಲಿ ಬಲಗಡೆಯ ಜಾಗ ಹೊಸಬರಿಗೆ ಸಿಗ್ತಿತ್ತು. ತಲೆಮಾರುಗಳಿಂದ ಸೈನ್ಯದಲ್ಲಿ ಸಾಯ್ತಾ ಬಂದವರು ಅದನ್ನು ನೋಡ್ತಾ ನಿಲ್ಲಬೇಕಿತ್ತು. ಹೊರಗಿಂದ ತಂದ ಮ್ಯಾನೇಜರ್ ಕೆಳಗೆ ಹತ್ತು ವರ್ಷದ ಹಳಬ ಕೆಲಸ ಮಾಡಬೇಕಾದಾಗ ಏನಾಗುತ್ತೆ ಅಂತ ನಿಮ್ಮಲ್ಲಿ ಹಲವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಇಲ್ಲಿ ಕೈಯಲ್ಲಿ ಕತ್ತಿಗಳಿದ್ದವು. ಕೊಂಕಣದ ದಂಡಯಾತ್ರೆಯೊಂದು ಸೋತಾಗ ಆ ಸೋಲಿನ ಹೊಣೆಯನ್ನು ಆಫಾಕಿಗಳ ತಲೆಗೆ ಕಟ್ಟಿದರು. ಪುಣೆ ಹತ್ತಿರದ ಚಾಕಣ ಕೋಟೆಯಲ್ಲಿ ಅವರ ಮಾರಣಹೋಮವಾಯಿತು. ಅವರು ಸುಲ್ತಾನನಿಗೆ ಬರೆದ ಅಹವಾಲುಗಳನ್ನು ದಾರಿಯಲ್ಲೇ ತಡೆದಿದ್ದರು. ಸುಲ್ತಾನನಿಗೆ ಸತ್ಯ ಗೊತ್ತಾದಾಗ ಕಾಲ ಮೀರಿತ್ತು.

ಇದಾದ ಕೆಲವೇ ವರ್ಷಕ್ಕೆ, 1453ರಲ್ಲಿ, ಮಹಮೂದ್ ಗವಾನ್ ಬೀದರಿಗೆ ಬಂದ. ಇರಾನಿನ ಗೀಲಾನ್ ಪ್ರಾಂತದವನು. ವಯಸ್ಸು ನಲವತ್ತು ದಾಟಿತ್ತು. ಬಂದಿದ್ದು ವ್ಯಾಪಾರಕ್ಕೆ, ಜೊತೆಗೆ ಇಲ್ಲಿದ್ದ ಸೂಫಿ ಸಂತರನ್ನು ಕಾಣೋಕೆ. ಸುಲ್ತಾನ ಎರಡನೇ ಅಲಾವುದ್ದೀನ್ ಅವನನ್ನು ಇಲ್ಲೇ ಉಳಿಸಿಕೊಂಡ. ಮುಂದೆ ಹುಮಾಯೂನ್, ಅವನ ನಂತರ ಪಟ್ಟಕ್ಕೆ ಬಂದ ಇಬ್ಬರು ಬಾಲಕ ಸುಲ್ತಾನರು, ಹೀಗೆ ಒಬ್ಬರಾದ ಮೇಲೊಬ್ಬರ ಕಾಲದಲ್ಲಿ ಮೇಲೇರುತ್ತಾ ಪ್ರಧಾನಮಂತ್ರಿಯಾದ.

ಅವನನ್ನು ಸಂತ ಮಾಡೋದು ಬೇಡ. ಮದರಸಾ ಮುಗಿದ ಅದೇ 1472ರಲ್ಲಿ ಅವನ ಸೈನ್ಯ ವಿಜಯನಗರದ ಕೈಯಿಂದ ಗೋವಾ ಕಸಿದುಕೊಂಡಿತು. ಯುದ್ಧ ಮಾಡಿ ರಾಜ್ಯ ಬೆಳೆಸಿದ ಮಂತ್ರಿ ಅವನು. ಅದೇ ಕಾಲಕ್ಕೆ ರಷ್ಯಾದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಕುದುರೆ ಮಾರೋಕೆ ಅಂತ ಬಂದು ಬೀದರಿನಲ್ಲಿ ತಂಗಿದ್ದ. ಇಲ್ಲಿ ಜನ ಕಿಕ್ಕಿರಿದಿದ್ದಾರೆ, ಹಳ್ಳಿಯವರು ಬಡತನದಲ್ಲಿ ನರಳ್ತಾರೆ, ಸರದಾರರು ಮಾತ್ರ ಬೆಳ್ಳಿಯ ಪಲ್ಲಕ್ಕಿಯಲ್ಲಿ ಮೆರೀತಾರೆ ಅನ್ನೋ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ಅರಮನೆಗೆ ಏಳು ಬಾಗಿಲು, ಒಂದೊಂದರಲ್ಲೂ ನೂರು ಕಾವಲುಗಾರರು, ನೂರು ಗುಮಾಸ್ತರು, ಒಳಹೋಗುವವರನ್ನು ಕೆಲವರು, ಹೊರಬರುವವರನ್ನು ಕೆಲವರು ಬರೆದುಕೊಳ್ತಾರೆ ಅಂತಲೂ ಹೇಳ್ತಾನೆ. ನಮ್ಮ ಅಪಾರ್ಟ್‌ಮೆಂಟ್ ಗೇಟಿನ ರಿಜಿಸ್ಟರ್ ನೆನಪಾಗುತ್ತೆ ಅಲ್ವಾ?

ಆಡಳಿತದಲ್ಲಿ ಗವಾನ್ ಮಾಡಿದ್ದು ದೊಡ್ಡದು. ನಾಲ್ಕೇ ಪ್ರಾಂತಗಳಾಗಿದ್ದ ರಾಜ್ಯವನ್ನು ಎಂಟು ಮಾಡಿದ. ಒಬ್ಬ ಪ್ರಾಂತಾಧಿಕಾರಿ ಕೈಯಲ್ಲಿ ಒಂದೇ ಕೋಟೆ, ಉಳಿದ ಕೋಟೆಗಳಿಗೆ ಕೇಂದ್ರದಿಂದಲೇ ಕಿಲ್ಲೇದಾರರು. ಭೂಮಿ ಅಳೆಸಿದ. ಸೈನಿಕರ ಲೆಕ್ಕದಲ್ಲಿ ಸುಳ್ಳು ತೋರಿಸಿ ಹಣ ಹೊಡೆಯೋದಕ್ಕೆ ತಡೆ ಹಾಕಿದ. ಹುದ್ದೆಗಳನ್ನು ಎರಡೂ ಬಣಗಳಿಗೆ ಹಂಚಿದ, ತೂಕ ತಪ್ಪದ ಹಾಗೆ. ಇದರಿಂದ ಕೈ ಕಟ್ಟಿಸಿಕೊಂಡ ಸರದಾರರಿಗೆ ಅವನು ಮಾಡಿದ್ದೆಲ್ಲ ಒಂದೇ ಥರ ಕಂಡಿತು: ಹೊರಗಿನವನೊಬ್ಬ ನಮ್ಮದನ್ನು ಕಿತ್ತುಕೊಳ್ತಿದ್ದಾನೆ.

ಮುಂದಿನ ಕತೆ ಇತಿಹಾಸಕಾರ ಫೆರಿಶ್ತಾ ಹೇಳೋದು. ವಿರೋಧಿಗಳು ಗವಾನನ ಮುದ್ರೆ ಇಟ್ಟುಕೊಂಡಿದ್ದ ನೌಕರನ ಸ್ನೇಹ ಬೆಳೆಸಿದರು. ಕುಡಿಸಿ, ಕಾಣಿಕೆ ಕೊಟ್ಟು, ಮಡಿಸಿದ ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಆ ಕಾಗದದಲ್ಲಿ ಒಡಿಶಾದ ಗಜಪತಿಗೆ ಗವಾನ್ ಬರೆದ ಹಾಗೆ ಒಂದು ಪತ್ರ ತಯಾರಾಯಿತು: ಸುಲ್ತಾನ ಕುಡುಕ, ನೀವು ದಂಡೆತ್ತಿ ಬನ್ನಿ, ಗೆದ್ದದ್ದನ್ನು ಹಂಚಿಕೊಳ್ಳೋಣ ಅನ್ನೋ ಧಾಟಿಯದು. ಪತ್ರ ಸುಲ್ತಾನ ಮೂರನೇ ಮಹಮದ್ ಶಾಹನ ಕೈ ಸೇರಿತು. ಆಗ ದರ್ಬಾರು ಆಂಧ್ರದ ಕೊಂಡಪಲ್ಲಿಯಲ್ಲಿ ಬೀಡುಬಿಟ್ಟಿತ್ತು. ಕರೆ ಬಂದಾಗ ಹೋಗಬೇಡಿ, ಗುಜರಾತಿಗೆ ತಪ್ಪಿಸಿಕೊಳ್ಳಿ ಅಂತ ಹಿತೈಷಿಗಳು ಹೇಳಿದರೂ ಗವಾನ್ ಕೇಳಲಿಲ್ಲ. ಮುದ್ರೆ ನನ್ನದೇ, ಬರಹ ನನ್ನದಲ್ಲ ಅಂದ. ಯಾರು ಬರೆದದ್ದು, ಯಾವ ದೂತ ತಂದದ್ದು, ಒಂದನ್ನೂ ವಿಚಾರಿಸಲಿಲ್ಲ. 1481ರ ಏಪ್ರಿಲ್ 5ರಂದು ಎಪ್ಪತ್ತರ ಮುದುಕನ ತಲೆ ಉರುಳಿತು. ಬಾಗಿಲಿಗೆ ನೂರು ಗುಮಾಸ್ತರನ್ನು ಕೂರಿಸಿದ್ದ ಆಸ್ಥಾನದಲ್ಲಿ ಒಂದು ಪತ್ರದ ಅಕ್ಷರ ಯಾರದು ಅಂತ ನೋಡೋಕೆ ಒಬ್ಬನೂ ಇರಲಿಲ್ಲ.

ಕೊಂದ ಮೇಲೆ ಸುಲ್ತಾನ ಅವನ ಖಜಾನೆ ಹುಡುಕಿಸಿದ. ಖಜಾಂಚಿ ಎರಡು ಲೆಕ್ಕ ತೋರಿಸಿದನಂತೆ. ಒಂದು ರಾಜನ ಲೆಕ್ಕ, ಸೈನ್ಯಕ್ಕೆ, ಕುದುರೆ ಆನೆಗಳಿಗೆ. ಇನ್ನೊಂದು ಬಡವರ ಲೆಕ್ಕ. ತನ್ನ ಊಟದ ಖರ್ಚನ್ನು ಊರಿಂದ ತಂದ ವ್ಯಾಪಾರದ ಬಂಡವಾಳದ ಲಾಭದಲ್ಲಿ ನಡೆಸ್ತಿದ್ದ, ಮಣ್ಣಿನ ಪಾತ್ರೆಯಲ್ಲಿ ಅಡುಗೆ, ಚಾಪೆಯ ಮೇಲೆ ನಿದ್ದೆ. ಸುಲ್ತಾನನಿಗೆ ತಾನು ಮಾಡಿದ್ದು ಅರಿವಾಯಿತು. ಕುಡಿತ ಹೆಚ್ಚಾಗಿ ಒಂದು ವರ್ಷದೊಳಗೆ ಅವನೂ ಸತ್ತ.

ಆಮೇಲೆ ಆ ರಾಜ್ಯವನ್ನು ಒಡೆದವರು ಯಾರು ಗೊತ್ತಾ? ಅಹಮದ್‌ನಗರ ಕಟ್ಟಿಕೊಂಡವನು ದಖನಿ ಬಣದ ನಾಯಕ ಮಲಿಕ್ ಹಸನ್‌ನ ಮಗ. ಬಿಜಾಪುರ ಕಟ್ಟಿಕೊಂಡ ಯೂಸುಫ್ ಆದಿಲ್ ಖಾನ್, ಗವಾನನೇ ಬೆಳೆಸಿದ ಆಫಾಕಿ. ‘ಒಳಗಿನವರು’ ಒಂದು ತುಂಡು ತಗೊಂಡರು, ‘ಹೊರಗಿನವರು’ ಇನ್ನೊಂದು ತುಂಡು. ಬೀರಾರ್, ಗೋಲ್ಕೊಂಡ ಕೂಡ ಹೋದವು. ಬೀದರ್ ಕೈಯಲ್ಲಿ ಬೀದರ್ ಸುತ್ತಮುತ್ತ ಮಾತ್ರ ಉಳಿಯಿತು.

ಮದರಸಾಕ್ಕೆ ಆದದ್ದೂ ಕೇಳಿ. 17ನೇ ಶತಮಾನದಲ್ಲಿ ಬೀದರ್ ಮೊಘಲರ ಕೈಗೆ ಹೋದ ಮೇಲೆ ಇಲ್ಲಿ ಸೈನಿಕರು ಬೀಡುಬಿಟ್ಟರು, ಓದುವ ಕೋಣೆಗಳಲ್ಲಿ ಮದ್ದಿನ ಪುಡಿ ತುಂಬಿದರು. 1696ರಲ್ಲಿ ಸಿಡಿಲು ಬಡಿದು ಅದು ಸ್ಫೋಟಿಸಿತು ಅಂತಾರೆ. ದಕ್ಷಿಣದ ಮಿನಾರು, ಮುಖ್ಯ ಬಾಗಿಲು, ಮುಂಭಾಗದ ದೊಡ್ಡ ಪಾಲು ಹಾರಿಹೋಯಿತು. ಈಗ ನಾವು ಒಳಗೆ ಹೋಗೋದು ಆ ಬಾಗಿಲಿದ್ದ ಖಾಲಿ ಜಾಗದಿಂದಲೇ.

ಅಂಗಳದಲ್ಲಿ ಕೂತಾಗ ಔಟ್‌ಸೈಡರ್ ಅಂದಿದ್ದ ಹುಡುಗ ನನ್ನ ಕೇಳಿದ: “ನಿಮ್ಮ ಕನ್ನಡದಲ್ಲಿ ಮರಾಠಿ ಛಾಯೆ ಇದೆಯಲ್ಲಾ, ನೀವು ಮಹಾರಾಷ್ಟ್ರದವರಾ?” ಕೆಟ್ಟ ಮನಸ್ಸಿಂದ ಕೇಳಿದ್ದಲ್ಲ. ಬೆಂಗಳೂರಲ್ಲಿ ವಾರಕ್ಕೊಮ್ಮೆ ನನಗೆ ಈ ಪ್ರಶ್ನೆ ಬರುತ್ತೆ. ಔರಾದಿನಲ್ಲಿ ಮನೆಯೊಳಗೆ ಕನ್ನಡ, ಓಣಿಯಲ್ಲಿ ಮರಾಠಿ, ಬಜಾರಿನಲ್ಲಿ ದಖನಿ. ನಿಜಾಮರ ಕಾಲದಲ್ಲಿ ಸಾಲಿ ಕಲಿತ ನಮ್ಮ ಅಜ್ಜ ಉರ್ದುವಿನಲ್ಲಿ ಸಹಿ ಮಾಡ್ತಿದ್ದರು, ಹೊಲದ ಹಳೇ ಕಾಗದಗಳೂ ಉರ್ದುವಿನಲ್ಲೇ ಇವೆ. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದು ನಮ್ಮ ಕಡೆ ಮೈಸೂರಿಗೆ ಸೇರಿತು. ಗೆರೆ ಹತ್ತು ಹಳ್ಳಿ ಆಚೀಚೆ ಬಿದ್ದಿದ್ದರೆ ನನ್ನ ಆಧಾರ್ ಕಾರ್ಡಿನ ರಾಜ್ಯ ಬೇರೆ ಇರ್ತಿತ್ತು. “ಔರಾದ್ ಕರ್ನಾಟಕದಾಗೇ ಅದ” ಅಂದೆ. ಅವನು ನಕ್ಕ, ನಾನೂ ನಕ್ಕೆ. ಕಾಕಾ ಮಾತ್ರ ಮಿನಾರಿನ ಕಡೆ ಕೈ ತೋರಿಸಿ, “ಇದಕ್ಕೂ ಯಾರೂ ಡೋಮಿಸೈಲ್ ಕೇಳಂಗಿಲ್ಲ ಈಗ” ಅಂದರು.

ನಿಮಗೆ ಇನ್ನೊಂದು ದಿನ ಇದ್ದರೆ ಊರಿಗೆ ಹತ್ತಿರದ ಅಷ್ಟೂರಿಗೆ ಹೋಗಿ. ಗುಲ್ಬರ್ಗಾದಿಂದ ರಾಜಧಾನಿಯನ್ನು ಬೀದರಿಗೆ ತಂದ ಅಹಮದ್ ಶಾಹನ ಗೋರಿ ಅಲ್ಲಿದೆ. ಆಫಾಕಿಗಳನ್ನು ಕೈಬೀಸಿ ಕರೆದ ಸುಲ್ತಾನ ಅವನು. ಇವತ್ತು ಅವನ ಉರುಸು ನಡೆಯೋದು ಹಿಂದೂ ಪಂಚಾಂಗದ ಲೆಕ್ಕದಲ್ಲಿ. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬಂದು ಅದನ್ನು ನಡೆಸಿಕೊಡ್ತಾರೆ. ಅವನನ್ನು ಅಲ್ಲಮಪ್ರಭು ಅಂತಲೇ ನಂಬಿ ತೆಂಗಿನಕಾಯಿ ಒಡೆಯೋ ಭಕ್ತರಿದ್ದಾರೆ. ಜನ ಯಾರನ್ನು ತಮ್ಮವರು ಅಂತ ಒಪ್ಪಿಕೊಳ್ತಾರೆ ಅನ್ನೋದು ದರ್ಬಾರಿನ ಬಣಗಳ ಲೆಕ್ಕಕ್ಕೆ ಸಿಗೋ ವಿಷಯ ಆಗಿರಲಿಲ್ಲ.

ಗವಾನನ ಗೋರಿ ಇರೋದು ಬೇರೆ ಕಡೆ, ಗೋರನಳ್ಳಿ ಹತ್ತಿರ. ಗುಮ್ಮಟವಿಲ್ಲ, ಬಣ್ಣದ ಟೈಲ್ಸ್ ಇಲ್ಲ, ಕಟ್ಟೆಯ ಮೇಲೊಂದು ಸಾದಾ ಗೋರಿ ಅಷ್ಟೇ. ಸಂಜೆಯ ಟೂರುಗಳು ಅಲ್ಲಿವರೆಗೆ ಹೋಗೋದು ಕಡಿಮೆ. ಆಟೋದವರಿಗೆ ಗೋರನಳ್ಳಿ ಅಂದರೆ ಸಾಕು, ಕರಕೊಂಡು ಹೋಗ್ತಾರೆ.