ನಾಯಿ ಬೊಗಳಿದ್ದಕ್ಕೆ ಬಾಗಿಲು ಕಿತ್ತ ಕಥೆ

ನಮ್ಮೂರಲ್ಲಿ ರಾತ್ರಿ ನಾಯಿ ಬೊಗಳಿದರೆ ಅಜ್ಜ ಟಾರ್ಚ್ ಹಿಡಿದು ಹಿತ್ತಲಿಗೆ ಹೋಗಿ ಬರ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಏನೂ ಇರ್ತಿರಲಿಲ್ಲ. ಆದರೂ ಹೋಗ್ತಿದ್ದ.

ನನ್ನ ಕೆಲಸದಲ್ಲಿ ಹೀಗೆ ಬೊಗಳುವುದು ವಾಲ್‌ಗ್ರಿಂಡ್. ಜೂಲಿಯನ್ ಸೆವರ್ಡ್ ಬರೆದ, 2002ರಲ್ಲಿ ಹೊರಬಂದ ಉಪಕರಣ. ಪ್ರೋಗ್ರಾಂ ಏನನ್ನೂ ತುಂಬಿಸದ ಮೆಮೊರಿಯನ್ನು ಬಳಸಿದರೆ ಅದು ಎಚ್ಚರಿಸುತ್ತದೆ. ಅದಕ್ಕೂ ಮೊದಲು ಇದೇ ಕೆಲಸಕ್ಕೆ ಪ್ಯೂರಿಫೈ ಇತ್ತು. ಅದನ್ನು ರೂಪಿಸಿದವರಲ್ಲಿ ಒಬ್ಬರು ರೀಡ್ ಹೇಸ್ಟಿಂಗ್ಸ್. ಹೌದು, ಮುಂದೆ ನೆಟ್‌ಫ್ಲಿಕ್ಸ್ ಕಟ್ಟಿದ ಅದೇ ಹೇಸ್ಟಿಂಗ್ಸ್!

ಕಳೆದ ವರ್ಷ ನಮ್ಮ ಕೋಡಿನ ಒಂದು ಸಾಲಿಗೆ ವಾಲ್‌ಗ್ರಿಂಡ್ ಬೊಗಳತೊಡಗಿತು. ನಾಳೆ ರಿಲೀಸ್. "ಆ ಲೈನ್ ಕಾಮೆಂಟ್ ಮಾಡಿಬಿಡು ಗುರು" ಅಂದ ಪಕ್ಕದ ಗೆಳೆಯ. ಕೈ ಕೀಬೋರ್ಡಿನ ಮೇಲಿತ್ತು. ಆಗ ನೆನಪಾದದ್ದು ಡೆಬಿಯನ್ ಕಥೆ.

2006ರ ಮಾತು. ಗುಪ್ತ ಕೀಲಿಗಳನ್ನು ತಯಾರಿಸುವ ಓಪನ್‌ಎಸ್‌ಎಸ್‌ಎಲ್ ಬಳಸುವ ಪ್ರೋಗ್ರಾಂಗಳನ್ನು ವಾಲ್‌ಗ್ರಿಂಡ್ ಅಡಿ ಓಡಿಸಿದರೆ ಎಚ್ಚರಿಕೆಗಳ ಸುರಿಮಳೆ. ಡೆಬಿಯನ್‌ನಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದವರು ಮೂಲವನ್ನು ಹುಡುಕಿದರು. ಸಿಕ್ಕಿದ್ದು ಒಂದೇ ಥರ ಕಾಣುವ ಎರಡು ಸಾಲು. ಮೂಲ ಯೋಜನೆಯವರನ್ನೂ ಕೇಳಿದರು, ಡೀಬಗ್ ಮಾಡಲು ಅನುಕೂಲವಾಗುವುದಾದರೆ ತೆಗೆಯಬಹುದು ಎಂಬ ಅರ್ಥದ ಉತ್ತರ ಬಂತು. ಎರಡನ್ನೂ ತೆಗೆದರು.

ಒಂದು ಸಾಲು ಹೋದರೆ ನಷ್ಟವಿರಲಿಲ್ಲ. ಪ್ಯೂರಿಫೈ ಬಳಸುವಾಗ ಅದನ್ನು ಬಿಟ್ಟುಬಿಡುವ ವ್ಯವಸ್ಥೆ ಕೋಡಿನಲ್ಲೇ ಇತ್ತು. ಇನ್ನೊಂದು ಸಾಲು ಬೇರೆ. ಕೀಲಿ ಯಾರ ಊಹೆಗೂ ಸಿಗದಂತೆ ಮಾಡಲು ಬೇಕಾದ ಯಾದೃಚ್ಛಿಕತೆಯನ್ನು ಬೆರೆಸುತ್ತಿದ್ದುದೇ ಅದು. ಅದೂ ಹೋದಮೇಲೆ ಉಳಿದದ್ದು ಪ್ರೋಗ್ರಾಂನ ಪ್ರೊಸೆಸ್ ಸಂಖ್ಯೆ ಮಾತ್ರ. ಅದು ಸಾಮಾನ್ಯವಾಗಿ 32,768 ದಾಟುತ್ತಿರಲಿಲ್ಲ. ಅಂದರೆ ಒಂದೊಂದು ಬಗೆಯ ಕೀಲಿಗೂ ಅಷ್ಟೇ ಸಾಧ್ಯತೆಗಳು. ಎಲ್ಲವನ್ನೂ ಮೊದಲೇ ತಯಾರಿಸಿಟ್ಟುಕೊಂಡು ಒಂದೊಂದಾಗಿ ಬೀಗಕ್ಕೆ ಹಾಕಿ ನೋಡಬಹುದು!

ಇದನ್ನು ಲುಸಿಯಾನೋ ಬೆಲ್ಲೋ ಕಂಡುಹಿಡಿದರು. ಡೆಬಿಯನ್ ಜಗತ್ತಿಗೆ ತಿಳಿಸಿದ್ದು 2008ರ ಮೇ 13ರಂದು. ಅಷ್ಟರಲ್ಲಿ ಈ ಕೋಡು ಉಬುಂಟುವಿಗೂ ಹೋಗಿತ್ತು. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ಸಾಲದು, ಆವರೆಗೆ ಅದರಲ್ಲಿ ತಯಾರಾದ ಕೀಲಿಗಳನ್ನೆಲ್ಲ ಎಸೆದು ಹೊಸದು ಮಾಡಿಕೊಳ್ಳಬೇಕಾಯಿತು.

ಇಲ್ಲಿ ಸೋಮಾರಿಗಳು ಯಾರೂ ಇಲ್ಲ ನೋಡಿ. ಹುಡುಕಿದರು, ಕೇಳಿದರು, ಉತ್ತರವನ್ನೂ ಪಡೆದರು. ಆದರೆ ಎಲ್ಲರ ಗಮನ ಸದ್ದು ನಿಲ್ಲಿಸುವುದರ ಮೇಲಿತ್ತು, ಆ ಸಾಲು ಏನು ಮಾಡುತ್ತದೆ ಎಂಬುದರ ಮೇಲಲ್ಲ. ಸದ್ದನ್ನು ಉಪಕರಣದಲ್ಲೇ ಅಡಗಿಸುವ ದಾರಿ ವಾಲ್‌ಗ್ರಿಂಡ್‌ನಲ್ಲಿದೆ. ಇಂಥಾ ಕಡೆ ಬಂದ ಇಂಥಾ ದೂರನ್ನು ತೋರಿಸಬೇಡ ಅಂತ ಒಂದು ಕಡತದಲ್ಲಿ ಬರೆದುಕೊಟ್ಟರೆ ಸಾಕು. ಪ್ರೋಗ್ರಾಂ ಇದ್ದ ಹಾಗೇ ಇರುತ್ತದೆ.

ನಾನು ಆ ರಾತ್ರಿ ಕೂತು ನೋಡಿದೆ. ಆ ಮೆಮೊರಿಯನ್ನು ತುಂಬಿಸುತ್ತಿದ್ದುದು ನಮ್ಮದೇ ಡ್ರೈವರ್. ವಾಲ್‌ಗ್ರಿಂಡ್‌ಗೆ ಅದರ ಪರಿಚಯವಿಲ್ಲ, ಹಾಗಾಗಿ ಖಾಲಿ ಅಂದುಕೊಂಡಿದೆ. ತಪ್ಪು ಉಪಕರಣದ್ದೇ. ನಮ್ಮ ಸಾಲನ್ನು ಮುಟ್ಟದೆ, ಆ ಒಂದು ದೂರನ್ನಷ್ಟೇ ಅಡಗಿಸಿ, ಯಾಕೆ ಅಂತ ಮೇಲೆ ಎರಡು ವಾಕ್ಯ ಬರೆದಿಟ್ಟೆ. ರಿಲೀಸ್ ಒಂದು ದಿನ ತಡವಾಯ್ತು, ಬೈಸಿಕೊಂಡೆ.

ಅಜ್ಜನೂ ಎಷ್ಟೋ ಸಲ ಗೊಣಗುತ್ತಲೇ ವಾಪಸ್ ಬರ್ತಿದ್ದ. ಆದರೆ ಹಿತ್ತಲಲ್ಲಿ ಏನಿದೆ ಅಂತ ಅವನಿಗೆ ಗೊತ್ತಿರ್ತಿತ್ತು.