ಕಿನ್ನರಿಯ ಬೆಲೆ

ಕಲ್ಯಾಣದ ಶರಣರಲ್ಲೊಬ್ಬನಾದ ಕಿನ್ನರಿ ಬೊಮ್ಮಯ್ಯನು ಮೊದಲು ಅಕ್ಕಸಾಲೆಯಾಗಿದ್ದನೆಂದು ವೀರಶೈವ ಪರಂಪರೆಯು ಹೇಳುತ್ತದೆ. ಗುಲಗಂಜಿಯ ತೂಕದಿಂದ ಹೊನ್ನಿಗೆ ಬೆಲೆ ಕಟ್ಟಬಲ್ಲವನು ತಕ್ಕಡಿಯನ್ನು ಬಿಟ್ಟು ಹಿಡಿದ ವಾದ್ಯಕ್ಕೆ ಬೆಲೆ ಕಟ್ಟುವುದೆಂತು? ಬಿದಿರಿನ ದಂಡಿ, ಒಣಗಿದ ಸೋರೆಬುರುಡೆ, ಮೇಣ, ತಂತಿ: ಇವಿಷ್ಟೇ ಅದರ ಸಾಮಗ್ರಿಗಳು. ತೂಗಿ ನೋಡಿದರೆ ಕಿನ್ನರಿಗೆ ಬೆಲೆಯೇ ಇಲ್ಲವೆನ್ನಬೇಕು.

ಆದರೆ ಈ ವಾದ್ಯದ ಚರಿತ್ರೆಯು ಅಲ್ಪವಾದುದಲ್ಲ. ೧೩ನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ಲಘುಕಿನ್ನರಿ, ಬೃಹತ್ಕಿನ್ನರಿ ಎಂಬ ಭೇದಗಳನ್ನು ವರ್ಣಿಸಿ, ಮೆಟ್ಟಿಲುಗಳನ್ನು ಮೇಣದಿಂದ ನಿಲ್ಲಿಸುವ ಕ್ರಮವನ್ನೂ ತಿಳಿಸಿರುವನು. ಕರಣಿಕ ಮನೆತನದಲ್ಲಿ ಹುಟ್ಟಿದ ಆ ಪಂಡಿತನು ವಾದ್ಯದ ಅಳತೆಗಳನ್ನು ಲೆಕ್ಕದಷ್ಟೇ ಎಚ್ಚರದಿಂದ ಬರೆದಿಟ್ಟನು. ಅರಸರ ಆಸ್ಥಾನಗಳಿಂದ ಮರೆಯಾದ ಮೇಲೆಯೂ ಕಿನ್ನರಿಯು ಅಳಿಯಲಿಲ್ಲ. ಅರ್ಜುನ ಜೋಗಿಯ ಕಥೆಯನ್ನು ಊರೂರಿಗೆ ಹಾಡುತ್ತ ನಡೆದ ಕಿನ್ನರಿ ಜೋಗಿಗಳು ಅದನ್ನು ಹೆಗಲಮೇಲೆ ಹೊತ್ತು ಉಳಿಸಿಕೊಂಡರು.

ಇಂತಹ ಹಳೆಯ ಕಿನ್ನರಿಯೊಂದು ಮಾರಾಟಕ್ಕೆ ಬಂದಾಗ ಕೊಳ್ಳುವವರ ಕಣ್ಣು ಸಾಮಾನ್ಯವಾಗಿ ತುದಿಯ ನವಿಲಿನ ಕೆತ್ತನೆಯ ಮೇಲೆಯೂ ಬುರುಡೆಯ ಹೊಳಪಿನ ಮೇಲೆಯೂ ಬೀಳುತ್ತದೆ. ಮಾಸಿದ ಮೇಣವನ್ನು ಕೆರೆದು ತೆಗೆದು, ಎಣ್ಣೆ ಹಚ್ಚಿ ತಿಕ್ಕಿದರೆ ಬೆಲೆ ಹೆಚ್ಚುವುದೆಂದು ಮಾರುವವನು ಬಗೆಯುತ್ತಾನೆ. ಇದಕ್ಕಿಂತ ದೊಡ್ಡ ನಷ್ಟವಿಲ್ಲ. ಮೆಟ್ಟಿಲುಗಳು ದಂಡಿಯಲ್ಲಿ ಕೊರೆದು ಕೂಡಿಸಿದವುಗಳಲ್ಲ. ನುಡಿಸುವವನು ತನ್ನ ಕಿವಿಯನ್ನೇ ನಂಬಿ, ತನ್ನ ಹಾಡಿಗೆ ಹೊಂದುವಂತೆ ಮೇಣದಲ್ಲಿ ನಿಲ್ಲಿಸಿದವುಗಳು. ಅವುಗಳ ನಡುವಿನ ಅಂತರವೇ ಆ ಮನೆತನದ ಸ್ವರಸ್ಥಾನ. ಓಲೆಗರಿಯಲ್ಲಿ ಬರೆದಿಡದ ಸಂಗೀತಕ್ಕೆ ಆ ಮೇಣವೇ ಶಾಸನ. ಅದನ್ನು ಕೆರೆದವನು ಓಲೆಯ ಅಕ್ಷರಗಳನ್ನು ಒರಸಿ ಗರಿಯನ್ನು ಮಾರಿದಂತೆಯೇ ಸರಿ.

ಇದಕ್ಕೆ ವಿರುದ್ಧವಾಗಿ, ಒಡೆದ ಬುರುಡೆಯ ಸ್ಥಾನದಲ್ಲಿ ಬೇರೊಂದನ್ನು ಕಟ್ಟಿದ್ದರೆ ಅದು ದೋಷವೆನಿಸದು. ಬುರುಡೆಯು ಒಡೆಯುವುದು ಸಹಜ, ಬದಲಾಯಿಸುವುದು ಜೋಗಿಯ ನಿತ್ಯದ ಕೆಲಸ. ದಂಡಿಯ ಮೇಲಿನ ಬೆರಳಿನ ಸವೆತ, ಹೆಗಲಿನ ಉಜ್ಜು, ನುಡಿಸಿದವರ ಊರು, ಹಾಡಿದ ಕಥೆ — ಇವು ತಿಳಿದಷ್ಟೂ ವಾದ್ಯದ ಬೆಲೆ ಹೆಚ್ಚುವುದು. ಆದಕಾರಣ ಮನೆಯಲ್ಲಿ ಇಂತಹ ವಾದ್ಯವಿದ್ದವರು ಮೊದಲು ಈ ಸಂಗತಿಗಳನ್ನು ಬರೆದಿಟ್ಟು, ಮೆಟ್ಟಿಲುಗಳ ಅಂತರವನ್ನು ಅಳೆದಿಟ್ಟುಕೊಳ್ಳುವುದು ಒಳಿತು. ನೂರು ವರ್ಷ ದಾಟಿದ ಚಾರಿತ್ರಿಕ ಮಹತ್ವದ ಕರಕುಶಲ ವಸ್ತುವು ೧೯೭೨ರ ಪುರಾತನ ವಸ್ತುಗಳ ಕಾಯಿದೆಗೆ ಒಳಪಡುವುದರಿಂದ ಅದನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸಕೂಡದೆಂಬುದನ್ನೂ ನೆನಪಿಡಬೇಕು.

ಹಳೆಯದರ ಬೆಲೆಯನ್ನು ವಿಚಾರಿಸುವಾಗ ಹೊಸದರ ಬೆಲೆಯನ್ನು ಮರೆಯಲಾಗದು. ಬುರುಡೆಯನ್ನು ಆರಿಸಿ ಒಣಗಿಸುವ, ಬಿದಿರನ್ನು ಹದಗೊಳಿಸುವ, ಮೆಟ್ಟಿಲುಗಳನ್ನು ಒಂದೊಂದಾಗಿ ಶ್ರುತಿಗೂಡಿಸುವ ದಿನಗಳಿಗೆ ಕೂಲಿ ದೊರೆಯದಿದ್ದರೆ ಜೋಗಿಯ ಮಗನು ಆ ಕೆಲಸವನ್ನು ಕಲಿಯಲಾರನು. ಆಗ ಗಾಜಿನ ಪೆಟ್ಟಿಗೆಯಲ್ಲಿ ಕಿನ್ನರಿಯು ಉಳಿದೀತು. ಸಡಿಲಿದ ಮೆಟ್ಟಿಲನ್ನು ಮತ್ತೆ ಅದರ ಸ್ಥಾನದಲ್ಲಿ ನಿಲ್ಲಿಸಬಲ್ಲ ಕಿವಿಯು ಉಳಿಯದು. ಕೊಳ್ಳುವವರು ಕಟ್ಟುವ ಬೆಲೆಯಲ್ಲಿ ಆ ಕೂಲಿಯೂ ಸೇರಿರಬೇಕು.