ಬೇಲಿ ದಾಟುವ ರೋಗ

ದೀಪಾವಳಿಯ ಪಾಡ್ಯದಂದು ಗೋವಾದ ಫೋಂಡಾದ ಹಳ್ಳಿಗಳಲ್ಲಿ ದನಕರುಗಳನ್ನು ಮೀಯಿಸಿ, ಮಾಲೆ ಹಾಕಿ ಪೂಜಿಸುತ್ತಾರೆ. ಘಟ್ಟದ ಮೇಲಿನ ಸೋಂದೆ ಸೀಮೆಯಲ್ಲೂ ಅಂದೇ ಗೋಪೂಜೆ. ಇಂಥ ಆಚಾರಗಳನ್ನು ತೋರಿಸಿ, ಹಿಂದಿನವರು ಲಸಿಕೆಯಿಲ್ಲದೆಯೇ ಜಾನುವಾರುಗಳನ್ನು ಚೆನ್ನಾಗಿ ಸಾಕಿದ್ದರು ಎನ್ನುವವರುಂಟು. ಅರ್ಧ ನಿಜ. ಹುಣ್ಣಿಗೆ ಅರಿಶಿನ, ಬೇವು, ಹೊಟ್ಟೆಯುಬ್ಬರಕ್ಕೆ ನಾಟಿ ಮದ್ದು, ಒಣ ಕೊಟ್ಟಿಗೆ: ಇವು ಒಂದು ಮನೆಯ ಒಂದು ದನಕ್ಕೆ ಸಾಲುತ್ತಿದ್ದವು. ಗೋಮಾಳದಲ್ಲಿ ಹತ್ತು ಮನೆಗಳ ದನ ಒಟ್ಟಿಗೆ ಮೇಯುವಾಗ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂದರೆ ಯಾವ ಮನೆಯ ಶುಚಿತ್ವವೂ ತಡೆಯಾಗುತ್ತಿರಲಿಲ್ಲ. ಅದನ್ನು ಮಣಿಸಿದ್ದು ಊರು, ಜಿಲ್ಲೆಗಳನ್ನೇ ಘಟಕವಾಗಿ ಹಿಡಿದು ಹಾಕಿದ ಲಸಿಕೆ. ಭಾರತ 1954ರಲ್ಲಿ ಆ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದಾಗ ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ಗಡಿ ಅಳಿದದ್ದು 1961ರಲ್ಲಿ, ದೇಶ ದೊಡ್ಡರೋಗದಿಂದ ಮುಕ್ತವೆನಿಸಿದ್ದು 2006ರಲ್ಲಿ, ಜಗತ್ತು 2011ರಲ್ಲಿ.

ನಾಯಿಯ ಹುಚ್ಚಿನ (ರೇಬೀಸ್) ವಿಷಯದಲ್ಲಿ ಈ ಪಾಠ ಕಲಿಯಲು ಇನ್ನೂ ತಡವಾಯಿತು. ಕೊಟ್ಟಿಗೆಯ ದನಕ್ಕಾದರೂ ಒಡೆಯನಿದ್ದಾನೆ. ನಮ್ಮ ನಾಯಿಗಳಲ್ಲಿ ಎಷ್ಟೋ ಒಂದು ಮನೆಯ ಅನ್ನ ತಿಂದು ಇನ್ನೊಂದರ ಜಗಲಿಯಲ್ಲಿ ಮಲಗುವಂಥವು. ಕೊಂದರೆ ಪೀಡೆ ತೊಲಗುತ್ತದೆ ಎಂಬುದು ಹಳೆಯ ವಾದ, ಇಂದಿಗೂ ಕೇಳಿಬರುತ್ತದೆ. ಆದರೆ ಕೊಂದ ಜಾಗಕ್ಕೆ ಪಕ್ಕದ ಕೇರಿಯಿಂದ ಲಸಿಕೆಯಿಲ್ಲದ ನಾಯಿಗಳೇ ಬಂದು ಸೇರುತ್ತವೆ, ಹುಚ್ಚು ಅವುಗಳ ಜೊತೆಗೇ ಬರುತ್ತದೆ. ಗೋವಾದಲ್ಲಿ ಸರ್ಕಾರ ಮತ್ತು ಮಿಷನ್ ರೇಬೀಸ್ ಸಂಸ್ಥೆ ಸೇರಿ ಹಿಡಿದದ್ದು ಬೇರೆ ದಾರಿ: ಸಾಕಿದ್ದು, ಬೀದಿಯದು ಎಂದು ನೋಡದೆ ಪ್ರತಿವರ್ಷ ನೂರಕ್ಕೆ 70ರಷ್ಟು ನಾಯಿಗಳಿಗೆ ಲಸಿಕೆ, ಶಾಲೆಗಳಲ್ಲಿ ತಿಳಿವಳಿಕೆ, ಶಂಕಿತ ನಾಯಿಗಳ ಪರೀಕ್ಷೆ. 2018 ಮತ್ತು 2019ರಲ್ಲಿ ರಾಜ್ಯದಲ್ಲಿ ಒಬ್ಬರೂ ರೇಬೀಸ್‌ನಿಂದ ಸಾಯಲಿಲ್ಲ. 2021ರಲ್ಲಿ ಗೋವಾವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು.

ಬೀದಿನಾಯಿಗೆ ಸಾರ್ವಜನಿಕ ಹಣವೇಕೆ ಎಂಬ ಆಕ್ಷೇಪಕ್ಕೆ ಆಸ್ಪತ್ರೆಯ ಲೆಕ್ಕವೇ ಉತ್ತರ: ಕಚ್ಚಿಸಿಕೊಂಡ ಪ್ರತಿಯೊಬ್ಬರಿಗೂ ಹಲವು ಸುತ್ತಿನ ಚುಚ್ಚುಮದ್ದು ಬೇಕು, ನಾಯಿಗೆ ವರ್ಷಕ್ಕೊಂದು ಸಾಕು. ಮನುಷ್ಯನಲ್ಲಿ ಲಕ್ಷಣ ಕಾಣಿಸಿಕೊಂಡ ಮೇಲಂತೂ ಸಾವು ಬಹುತೇಕ ಖಚಿತ. ಗೆಲುವು ಮಾತ್ರ ತಾತ್ಕಾಲಿಕ. ಮರಿಗಳು ಹುಟ್ಟುತ್ತಲೇ ಇರುತ್ತವೆ, ಘಟ್ಟದ ಆಚೆಯಿಂದ ನಾಯಿಗಳು ಬರುತ್ತಲೇ ಇರುತ್ತವೆ. ಲಸಿಕೆಯ ತಂಡ ಕೇರಿಗೆ ಬಂದಾಗ ಮನೆಯ ನಾಯಿಯನ್ನು ಹಿಡಿದುಕೊಟ್ಟವರು, ಓಣಿಯ ಕೊನೆಯಲ್ಲಿ ಮಲಗಿರುವ ನಾಯಿಯನ್ನೂ ತೋರಿಸಿಕೊಡಲಿ.